ಅಜ್ಜನಿಗೆ ಮರೆವು, ಕೋವಿಗೆ ಮರೆವಿಲ್ಲ!

ಮಡಿಕೇರಿ: ಕೊಡಗಿನಲ್ಲಿ ಕೋವಿ ಎಂದರೆ ಬರೇ ಕೋವಿಯಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು. ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗುಂಡು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ದಿನ ಕೋವಿಯನ್ನು ದೀಪದ ಮುಂದೆ ಇಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ. ಹೊರಗಿನ ಪೇಪರಿನವರು ವರ್ಷವರ್ಷವೂ ಇಷ್ಟನ್ನೇ ಬರೆದು, ಸೀರೆ ಉಟ್ಟ ಹೆಂಗಸರು ತೆಂಗಿನಕಾಯಿಗೆ ಗುರಿ ಇಟ್ಟ ಫೋಟೋ ಹಾಕಿ ಕೈತೊಳೆದುಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ವರ್ಷದ ಉಳಿದ ದಿನಗಳಲ್ಲಿ ಆ ಕೋವಿ ಎಲ್ಲಿರುತ್ತದೆ, ಅದರ ಯಜಮಾನನಿಗೆ ಮೈ ಸರಿಯಿಲ್ಲದಾಗ, ಮನಸ್ಸು ಸರಿಯಿಲ್ಲದಾಗ ಅದನ್ನು ಯಾರು ಎತ್ತಿಡುತ್ತಾರೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಬರೆಯುವುದು ಹಾಗಿರಲಿ, ಮನೆಯೊಳಗೇ ಯಾರೂ ಬಾಯಿ ಬಿಡುವುದಿಲ್ಲ.

ಹೀಗೊಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೆಸರು, ಊರು ಬೇಡ. ಗೋಣಿಕೊಪ್ಪದ ಕಡೆಯದೂ ಆಗಬಹುದು, ನಾಪೋಕ್ಲಿನ ಕಡೆಯದೂ ಆಗಬಹುದು. ಇಪ್ಪತ್ತು ವರ್ಷ ಪಟಾಲಮ್ಮಿನಲ್ಲಿದ್ದು ಪೆನ್ಷನ್ ಮೇಲೆ ಬಂದ ಅಜ್ಜ. ವಯಸ್ಸು ಎಪ್ಪತ್ತೆಂಟು. ಒಂದಿಷ್ಟು ಕಾಫಿ ತೋಟ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಶನಿವಾರ ಬಂದು ಸೋಮವಾರ ಹೋಗುತ್ತಾನೆ. ಮನೆಯಲ್ಲಿ ಅಜ್ಜ, ಸೊಸೆ, ಶಾಲೆಗೆ ಹೋಗುವ ಮೊಮ್ಮಗ. ಹಜಾರದ ಗೋಡೆಯ ಮೇಲೆ ಜೋಡಿ ನಳಿಗೆ ಕೋವಿ. ಪಕ್ಕದ ಮೇಜಿನ ಖಾನೆಯಲ್ಲಿ ತೋಟಾ.

ಮೊದಮೊದಲು ಅಜ್ಜ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕಿದರು. ವಯಸ್ಸಾಯ್ತಲ್ಲ ಎಂದು ಎಲ್ಲರೂ ನಕ್ಕರು. ಆಮೇಲೆ ಕೇಳಿದ್ದನ್ನೇ ನಾಲ್ಕು ಸಲ ಕೇಳತೊಡಗಿದರು. ಆಮೇಲೆ ಪೆನ್ಷನ್ ದುಡ್ಡು ಯಾರೋ ಕದ್ದಿದ್ದಾರೆ ಎಂದು ಕೆಲಸದ ಹುಡುಗನ ಮೇಲೆ ರೇಗಿದರು. ದುಡ್ಡು ಅವರ ಹಾಸಿಗೆಯ ಕೆಳಗೇ ಇತ್ತು. ಈಗೀಗ ದೀಪ ಹಚ್ಚುವ ಹೊತ್ತಿಗೆ ಕಿಟಕಿಯ ಹತ್ತಿರ ನಿಂತು, "ತೋಟದಲ್ಲಿ ಯಾರೋ ನಿಂತಿದ್ದಾರೆ" ಎನ್ನುತ್ತಾರೆ. ನೋಡಿದರೆ ಯಾರೂ ಇಲ್ಲ, ಸಿಲ್ವರ್ ಮರದ ನೆರಳು. ಒಂದು ದಿನ ಹಾಗೆನ್ನುತ್ತಲೇ ಗೋಡೆಯ ಕಡೆ ನಡೆದರು.

ಸೊಸೆ ಗಂಡನಿಗೆ ಫೋನು ಮಾಡುತ್ತಾಳೆ. "ನೋಡಿ, ಮಾವ ಇವತ್ತು ಕೋವಿ ಕೆಳಗೆ ತೆಗೆದ್ರು. ನಾನೇನು ಮಾಡ್ಲಿ?"

"ಸುಮ್ನಿರು. ಶನಿವಾರ ಬರ್ತೀನಲ್ಲ."

ಶನಿವಾರಕ್ಕೆ ಇನ್ನೂ ನಾಲ್ಕು ರಾತ್ರಿ ಇದೆ!

ಇದು ಕಟ್ಟಿದ ಚಿತ್ರವೇ ಹೌದು. ಆದರೆ ಮರೆವಿನ ಕಾಯಿಲೆ, ಅಂದರೆ ವೈದ್ಯರು ಡಿಮೆನ್ಶಿಯಾ ಎನ್ನುವುದು, ಮುಂದುವರಿಯುವ ದಾರಿಯೇ ಹೀಗೆ. ಬರೀ ಮರೆತರೆ ಅದೊಂದು ತಾಪತ್ರಯ ಅಷ್ಟೇ. ಮರೆವಿನ ಜೊತೆ ಗುಮಾನಿಯೂ ಬರುತ್ತದೆ. ಸಂಜೆಯಾದ ಮೇಲೆ ಗಲಿಬಿಲಿ ಜಾಸ್ತಿ. ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ. ಹೆತ್ತ ಮಗನೇ ಬಾಗಿಲು ತಟ್ಟಿದರೂ ಗುರುತು ಸಿಗದೆ ಹೋಗಬಹುದು. ಇದರಲ್ಲಿ ವಿಚಿತ್ರವೇನೆಂದರೆ ನಿನ್ನೆ ತಿಂದದ್ದು ನೆನಪಿಲ್ಲದಿದ್ದರೂ ಚಿಕ್ಕಂದಿನಿಂದ ಕೈ ಕಲಿತ ಕೆಲಸ ಬೇಗ ಮರೆಯುವುದಿಲ್ಲ. ಕೋವಿ ಮುರಿದು ತೋಟಾ ತುಂಬಿ ಭುಜಕ್ಕೆ ಏರಿಸುವುದು ಕೈಗೆ ಗೊತ್ತು. ಯಾರಿಗೆ ಗುರಿ ಇಡುತ್ತಿದ್ದೇನೆ ಎಂಬುದು ತಲೆಗೆ ಗೊತ್ತಿಲ್ಲ.

ಜ್ವರ ಬಂದವನೂ ಕುಡಿದವನೂ ಒಂದೇ

ಮುದುಕರ ವಿಷಯ ಬಿಡಿ, ಗಟ್ಟಿಮುಟ್ಟಾದವರೂ ನಾಲ್ಕು ದಿನದ ಮಟ್ಟಿಗೆ ಕೋವಿ ಹಿಡಿಯಲು ಲಾಯಕ್ಕಿಲ್ಲದವರಾಗುತ್ತಾರೆ. ನೂರಮೂರು ಡಿಗ್ರಿ ಜ್ವರದಲ್ಲಿ ಕಣ್ಣು ಮಂಜು, ಮೈ ನಡುಕ. ವಯಸ್ಸಾದವರಿಗೆ ಮೂತ್ರದ ಸೋಂಕೋ, ಶ್ವಾಸಕೋಶದ ಸೋಂಕೋ ಆದರೆ ಜ್ವರಕ್ಕಿಂತ ಮೊದಲು ತಲೆ ಕೆಡುವುದೂ ಉಂಟು. ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡುತ್ತಾರೆ, ಮಂಚದಿಂದ ಎದ್ದು ಹೊರಡುತ್ತಾರೆ. ಮನೆಯವರು ದೆವ್ವ ಹಿಡಿಯಿತು ಎಂದುಕೊಳ್ಳುತ್ತಾರೆ. ಮದ್ದು ಕೊಟ್ಟು ಸೋಂಕು ಇಳಿಸಿದರೆ ಮೊದಲಿನ ಹಾಗೇ ಆಗುವ ಸಂಗತಿ ಇದು.

ನೆಗಡಿ ಮಾತ್ರೆಯನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಸೀನು ನಿಲ್ಲಲೆಂದು ಮೆಡಿಕಲ್ ಶಾಪಿನಲ್ಲಿ ಕೊಡುವ ಸಣ್ಣ ಗುಳಿಗೆಗಳಲ್ಲಿ ಹಲವು ತೂಕಡಿಕೆ ತರುತ್ತವೆ. ಕೆಮ್ಮಿನ ಸಿರಪ್ಪೂ ಹಾಗೇ. ನಿದ್ರೆ ಗುಳಿಗೆಯ ಅಮಲು ಬೆಳಿಗ್ಗೆ ಎದ್ದ ಮೇಲೂ ಪೂರ್ತಿ ಇಳಿದಿರುವುದಿಲ್ಲ. ಸಕ್ಕರೆ ಕಾಯಿಲೆಯವನು ಇನ್ಸುಲಿನ್ ಚುಚ್ಚಿಕೊಂಡು ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನದೆ ತೋಟಕ್ಕೆ ಇಳಿದನೋ, ಸಕ್ಕರೆ ತಟ್ಟನೆ ಇಳಿದು ಕೈ ನಡುಗುತ್ತದೆ, ಬೆವರು ಬರುತ್ತದೆ, ವಿನಾಕಾರಣ ಸಿಟ್ಟು ಬರುತ್ತದೆ, ಬುದ್ಧಿ ಮಂಕಾಗುತ್ತದೆ. ನೋಡಿದವರು ಬೆಳಿಗ್ಗೆಯೇ ಹಾಕಿಕೊಂಡಿದ್ದಾನೆ ಎನ್ನುತ್ತಾರೆ. ಹಾಕಿಕೊಂಡಿಲ್ಲ ಪಾಪ. ಆದರೆ ಆ ಹೊತ್ತಿಗೆ ಅವನ ಕೈಯಲ್ಲಿರುವ ಕೋವಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇನ್ನು ನಿಜವಾಗಿಯೇ ಹಾಕಿಕೊಂಡವರ ಕತೆ. ಕನ್ನಡದಲ್ಲಿ ಬಾಟಲಿಯದಕ್ಕೂ ಗುಂಡು ಅಂತಾರೆ, ನಳಿಗೆಯದಕ್ಕೂ ಗುಂಡು ಅಂತಾರೆ. ಎರಡು ಗುಂಡು ಒಂದೇ ಕೈಯಲ್ಲಿ ಬೇಡ ಎಂದು ಬುದ್ಧಿ ಇದ್ದವರಿಗೆ ಹೇಳಬೇಕಾಗಿಲ್ಲ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ ಹುರುಪಿಗೆ ಜನರಿಗೆ ಅಪಾಯವಾಗುವಂತೆ ಗುಂಡು ಹಾರಿಸುವುದನ್ನು 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯಿದೆ ಪ್ರತ್ಯೇಕ ಅಪರಾಧವನ್ನಾಗಿಯೇ ಮಾಡಿದೆ. ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಆದರೆ ಕುಡಿದ ದಿನಕ್ಕಿಂತ ಕುಡಿತ ಬಿಟ್ಟ ದಿನ ಹೆಚ್ಚು ಅಪಾಯ ಎಂಬುದು ಎಷ್ಟು ಮನೆಗೆ ಗೊತ್ತು? ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡನೆಯ, ಮೂರನೆಯ ದಿನ ನಡುಕ, ನಿದ್ರೆ ಇಲ್ಲ, ಗೋಡೆಯ ಮೇಲೆ ಹುಳ ಹರಿದ ಹಾಗೆ, ಯಾರೋ ಕೊಲ್ಲಲು ಬಂದ ಹಾಗೆ ಕಾಣುವುದು ಶುರುವಾಗಬಹುದು. ಹೆಂಡತಿ, "ಅಂತೂ ದೇವರು ಕಣ್ಣು ಬಿಟ್ಟ, ಇವರು ಕುಡಿಯೋದು ಬಿಟ್ರು" ಎಂದು ಸಂತೋಷದಲ್ಲಿರುವ ದಿನಗಳೇ ಅವು. ಇಂಥವರನ್ನು ಆಸ್ಪತ್ರೆಗೆ ಸೇರಿಸಿಯೇ ಕುಡಿತ ಬಿಡಿಸಬೇಕು, ಮನೆಯಲ್ಲಿ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಆ ವಾರ ಮನೆಯಲ್ಲಿ ಕೋವಿ ಕೈಗೆ ಸಿಗುವಂತಿರಬಾರದು.

ಲೈಸೆನ್ಸೇ ಬೇಡವೆಂದ ಮೇಲೆ...

ಈಗ ಸರ್ಕಾರದ ಕಡೆ ಬರೋಣ. ಬೇರೆ ಜಿಲ್ಲೆಯವರಿಗೆ ಕೋವಿ ಬೇಕೆಂದರೆ ಲೈಸೆನ್ಸಿಗೆ ಅರ್ಜಿ ಹಾಕಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿಯ ಜೊತೆ ವೈದ್ಯರ ಸರ್ಟಿಫಿಕೇಟು ಬೇಕು. ದೇಹ ಸರಿಯಿದೆ, ಮನಸ್ಸು ಸರಿಯಿದೆ, ಅಮಲಿನ ಚಟ ಇಲ್ಲ ಎಂದು ಬರೆಸಿ ತರಬೇಕು. ಅಸ್ವಸ್ಥ ಚಿತ್ತದವರಿಗೆ ಲೈಸೆನ್ಸ್ ಕೊಡಕೂಡದು ಎಂದು 1959ರ ಕಾಯಿದೆಯ 14ನೇ ಕಲಮು ಹೇಳುತ್ತದೆ. ಕೊಟ್ಟ ಮೇಲೆ ಹಾಗಾದರೆ ಅಮಾನತು ಮಾಡಲು, ರದ್ದು ಮಾಡಲು 17ನೇ ಕಲಮು ಅಧಿಕಾರ ಕೊಡುತ್ತದೆ.

ಕೊಡಗಿನ ಲೆಕ್ಕವೇ ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಸಾಹೇಬ ಕೊಡವರಿಗೆ ನಿರಾಯುಧ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಅಂದಿನಿಂದ ಹರಿದು ಬಂದ ವಿನಾಯಿತಿ ಸ್ವಾತಂತ್ರ್ಯ ಬಂದ ಮೇಲೂ ಮುಂದುವರಿಯಿತು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು, ಜಿಲ್ಲಾಧಿಕಾರಿಗಳ ಕಚೇರಿಯ ವಿನಾಯಿತಿ ಪತ್ರ ಇದ್ದರೆ ಸಾಕು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಜಾತಿಯ ಮೇಲೆ, ಭೂಮಿಯ ಮೇಲೆ ವಿನಾಯಿತಿ ಕೊಡುವುದು ಸರಿಯಲ್ಲ ಎಂದು ಹೂಡಿದ ದಾವೆಯಲ್ಲಿ ರಾಜ್ಯ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ವಿನಾಯಿತಿಯನ್ನು ಎತ್ತಿ ಹಿಡಿಯಿತು. ಇದೆಲ್ಲ ಕೊಡಗಿನ ಮಕ್ಕಳಿಗೂ ಬಾಯಿಪಾಠ.

ಬಾಯಿಪಾಠ ಇಲ್ಲದ್ದು ಇದು: ಲೈಸೆನ್ಸೇ ಬೇಡವೆಂದ ಮೇಲೆ ಲೈಸೆನ್ಸಿನ ಅರ್ಜಿ ಇಲ್ಲ. ಅರ್ಜಿ ಇಲ್ಲವೆಂದ ಮೇಲೆ ಅರ್ಜಿಗೆ ಲಗತ್ತಿಸುವ ಡಾಕ್ಟರ ಸರ್ಟಿಫಿಕೇಟೂ ಇಲ್ಲ. ನಲವತ್ತು ದಾಟಿದವನು ಸ್ಕೂಟರ್ ಲೈಸೆನ್ಸ್ ಮಾಡಿಸಬೇಕೆಂದರೆ ಡಾಕ್ಟರ ಸಹಿ ತರಬೇಕು, ಎಂಬತ್ತರ ಅಜ್ಜನ ಕೋವಿಗೆ ಯಾರ ಸಹಿಯೂ ಬೇಡ!

ಹಾಗೆಂದು ವಿನಾಯಿತಿ ಕಿತ್ತುಕೊಳ್ಳಬೇಕು ಎಂದು ಯಾರೂ ತಿಳಿಯಬೇಕಿಲ್ಲ. ಲೈಸೆನ್ಸ್ ಇರುವವನ ಸ್ಥಿತಿಯೂ ಅಷ್ಟೇ. ಈಗ ಲೈಸೆನ್ಸಿನ ಅವಧಿ ಐದು ವರ್ಷ. ಅರ್ಜಿ ಹಾಕಿದ ದಿನ ಡಾಕ್ಟರು ನೋಡಿದ ಮನುಷ್ಯ ಒಬ್ಬ. ಆರು ತಿಂಗಳ ಮೇಲೆ ಪಾರ್ಶ್ವವಾಯು ಹೊಡೆದೋ, ಮಗನನ್ನು ಕಳೆದುಕೊಂಡೋ, ಸಾಲಕ್ಕೆ ಸಿಕ್ಕೋ ಬದಲಾದ ಮನುಷ್ಯ ಇನ್ನೊಬ್ಬ. ರಬ್ಬರ್ ಸ್ಟಾಂಪಿಗೆ ನಾಳೆಯ ಜ್ವರ ಗೊತ್ತಾಗುತ್ತದೆಯೇ? ಗೊತ್ತಾಗುವುದು ಒಂದೇ ಸೂರಿನಡಿ ಇರುವವರಿಗೆ. ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಒಪ್ಪಿಸಬೇಕೋ ಬೇಡವೋ ಎಂದು ಜಿಲ್ಲೆಯಲ್ಲಿ ಪ್ರತಿ ಸಲವೂ ದೊಡ್ಡ ಚರ್ಚೆಯಾಗುತ್ತದೆ, ಮನವಿ ಹೋಗುತ್ತದೆ, ಹೇಳಿಕೆ ಬರುತ್ತದೆ. ವೋಟಿಗಾಗಿ ಲೆಕ್ಕಕ್ಕೆ ಬರುವ ಕೋವಿ ಕಾಯಿಲೆಗಾಗಿ ಒಂದು ದಿನವೂ ಲೆಕ್ಕಕ್ಕೆ ಬಂದದ್ದಿಲ್ಲ.

ಹುಚ್ಚ ಅಂದುಬಿಟ್ಟರೆ?

ಮನೆಯವರು ಯಾಕೆ ಸುಮ್ಮನಿರುತ್ತಾರೆ? ಉತ್ತರ ಸುಲಭ. ಕೋವಿ ತೆಗೆದಿಟ್ಟರೆ ಇಡೀ ಊರಿಗೆ ಸುದ್ದಿಯಾಗುತ್ತದೆ. ಅವರ ಮನೆ ಅಜ್ಜನಿಗೆ ತಲೆ ಸರಿಯಿಲ್ಲವಂತೆ ಅಂತಾರೆ. ಮನೆಯಲ್ಲಿ ಮದುವೆಗೆ ಬೆಳೆದ ಹೆಣ್ಣಿದ್ದರಂತೂ ಮುಗಿಯಿತು. ಜೊತೆಗೆ, ಮಾವನ ಕೋವಿಗೆ ಕೈ ಹಾಕಲು ಸೊಸೆಗೆ ಅಧಿಕಾರ ಕೊಟ್ಟವರು ಯಾರು? ಕೊಡಗಿನ ಹೆಣ್ಣುಮಕ್ಕಳು ಕೋವಿ ಹಿಡಿಯಬಲ್ಲರು, ಗುರಿ ಇಡಬಲ್ಲರು, ಬಹುಮಾನವನ್ನೂ ತರಬಲ್ಲರು. ಆದರೆ ಮನೆಯ ಹಿರಿಯರ ಕೋವಿಯನ್ನು ಗೋಡೆಯಿಂದ ಇಳಿಸುವುದು ಬೇರೆಯೇ ಧೈರ್ಯದ ಕೆಲಸ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಮನೋರೋಗ ಇದ್ದವರೆಲ್ಲ ಅಪಾಯದವರು ಎಂಬುದು ಶುದ್ಧ ಸುಳ್ಳು. ಮಾತ್ರೆ ತಿಂದುಕೊಂಡು ತೋಟ ನೋಡಿಕೊಂಡು ಮಕ್ಕಳನ್ನು ಓದಿಸುವವರು ಊರೂರಿಗೂ ಇದ್ದಾರೆ. ಮನೋರೋಗ ಇದೆ ಎಂದ ಮಾತ್ರಕ್ಕೆ ಒಬ್ಬನನ್ನು ಅಸ್ವಸ್ಥ ಚಿತ್ತದವನು ಎನ್ನಕೂಡದು, ಅದನ್ನು ನ್ಯಾಯಾಲಯವೇ ಹೇಳಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಖಂಡಿತವಾಗಿ ಹೇಳಿದೆ. ಖಿನ್ನತೆಗೆ ಬಿದ್ದವನಿಂದ ಪಕ್ಕದ ಮನೆಯವರಿಗೆ ಅಪಾಯ ಕಡಿಮೆ. ಅಪಾಯ ಅವನಿಗೇ.

ಈ ವಿಷಯ ಮುಚ್ಚಿಟ್ಟು ಪ್ರಯೋಜನವಿಲ್ಲ. ಕಾಫಿ ಬೆಲೆ ಬಿದ್ದ ವರ್ಷ, ಕರಿಮೆಣಸಿನ ಬಳ್ಳಿ ಸೊರಗಿದ ವರ್ಷ, ಬ್ಯಾಂಕಿನ ನೋಟೀಸು ಬಂದ ವಾರ, ಮೂರು ದಿನದಿಂದ ಕರೆಂಟಿಲ್ಲದೆ ಹೊರಗೆ ಒಂದೇ ಸಮನೆ ಮಳೆ ಹೊಯ್ಯುವಾಗ ಒಬ್ಬನೇ ಕೂತವನ ತಲೆಗೆ ಕೆಟ್ಟ ಯೋಚನೆ ಬರುತ್ತದೆ. ಸಾಯಬೇಕೆನ್ನುವ ಆ ಗಳಿಗೆ ಹೆಚ್ಚಿನವರಲ್ಲಿ ಬಹಳ ಹೊತ್ತು ಇರುವುದಿಲ್ಲ. ಬಂದ ಹಾಗೇ ಇಳಿಯುತ್ತದೆ. ಇಳಿಯುವಷ್ಟರಲ್ಲಿ ಕೈಗೆ ಏನು ಸಿಕ್ಕಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೋವಿ ಎರಡನೆಯ ಅವಕಾಶ ಕೊಡುವ ವಸ್ತುವಲ್ಲ. ಇಸ್ರೇಲಿನ ಸೈನ್ಯ 2006ರಲ್ಲಿ, ವಾರದ ರಜೆಗೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು ಎಂದು ನಿಯಮ ಮಾಡಿತು. ಬೇರೇನೂ ದೊಡ್ಡ ಯೋಜನೆ ಅಲ್ಲ, ಬಂದೂಕು ಎರಡು ದಿನ ದೂರ ಇತ್ತು, ಅಷ್ಟೇ. ಸೈನಿಕರ ಆತ್ಮಹತ್ಯೆ ಸುಮಾರು ಶೇಕಡಾ 40ರಷ್ಟು ಇಳಿಯಿತು. ವಾರದ ಉಳಿದ ದಿನಗಳಲ್ಲಿ ಏರಿತೇ ಎಂದರೆ, ಇಲ್ಲ.

ನಮ್ಮ ಪಟಾಲಮ್ಮಿನವರಿಗೂ ಇದು ಹೊಸದಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಜಿಲ್ಲೆಯಲ್ಲಿ ಫೌಜಿನ ಶಿಸ್ತನ್ನು ಯಾರೂ ಕಲಿಸಬೇಕಾಗಿಲ್ಲ. ಯೂನಿಟ್ಟಿನಲ್ಲಿ ಡ್ಯೂಟಿ ಮುಗಿದ ಮೇಲೆ ಹತಾರ ಕೋತಿಗೆ ಹೋಗಬೇಕು, ಅಂದರೆ ಶಸ್ತ್ರಾಗಾರಕ್ಕೆ. ಲೆಕ್ಕದ ಪುಸ್ತಕದಲ್ಲಿ ನಂಬರು ಬರೆಸಬೇಕು. ಸಿಪಾಯಿ ಇರಲಿ, ಸುಬೇದಾರ್ ಇರಲಿ, ಯಾರೂ ಅದನ್ನು ಅವಮಾನ ಅಂದುಕೊಂಡದ್ದಿಲ್ಲ. ಇಪ್ಪತ್ತು ವರ್ಷ ದಿನವೂ ಕೋತಿಗೆ ಕೊಟ್ಟ ಮನುಷ್ಯನಿಗೆ ಮನೆಯಲ್ಲಿ ಒಂದು ತಿಂಗಳು ಬೀರುವಿಗೆ ಕೊಡುವುದು ಅಷ್ಟು ದೊಡ್ಡ ಸಂಗತಿಯಾಗಬೇಕೇ?

ಫೌಜು ಯಾಕೆ, ಊರಿನ ಪದ್ಧತಿಯಲ್ಲೇ ಇದು ಇದೆ. ಹಿಂದಿನ ಕಾಲದಲ್ಲಿ ಗದ್ದೆ ಕೆಲಸದ ತಿಂಗಳುಗಳಲ್ಲಿ ಕೋವಿ, ಕತ್ತಿ ಎಲ್ಲವನ್ನೂ ಕನ್ನಿಕೋಂಬರೆಯಲ್ಲಿ ಇಟ್ಟುಬಿಡುತ್ತಿದ್ದರು. ನಾಟಿ ಮುಗಿದು ಕೈಲ್ ಪೊಳ್ದ್ ಬಂದ ಮೇಲೆಯೇ ಮತ್ತೆ ಕೈಗೆ ತೆಗೆದುಕೊಳ್ಳುವುದು. ಪೂಜೆಯ ಮೂಲವೇ ಅದು. ಗದ್ದೆಗಾಗಿ ಕೆಳಗಿಟ್ಟ ಕೋವಿಗೆ ಮರ್ಯಾದೆ ಇತ್ತು. ಕಾಯಿಲೆಗಾಗಿ ಕೆಳಗಿಟ್ಟರೆ ಮರ್ಯಾದೆ ಹೋಗುತ್ತದೆ ಎಂಬ ಶಾಸ್ತ್ರ ಯಾರು ಬರೆದರೋ!

ಹಾವೂ ಸಾಯಬಾರದು, ಕೋಲೂ ಮುರಿಯಬಾರದು

ಹಾಗಾದರೆ ಮಾಡುವುದು ಹೇಗೆ? ಅಜ್ಜನ ಎದುರಿಗೆ ನಿಂತು "ನಿಮಗೆ ತಲೆ ಸರಿ ಇಲ್ಲ, ಕೋವಿ ಕೊಡಿ" ಎಂದರೆ ಆ ದಿನವೇ ಅನಾಹುತ. ಇದನ್ನು ಸೊಸೆಯ ತಲೆಗೆ ಕಟ್ಟುವುದೂ ಅನ್ಯಾಯ. ಒಕ್ಕದ ಪಟ್ಟೆದಾರರೋ, ಅಜ್ಜನ ತಮ್ಮನೋ, ಜೊತೆಗೆ ಫೌಜಿನಲ್ಲಿದ್ದ ಗೆಳೆಯರೋ, ಯಾರ ಮಾತಿಗೆ ಅವರು ಬೆಲೆ ಕೊಡುತ್ತಾರೋ ಅವರು ಬೆಳಗಿನ ಹೊತ್ತು ಬಂದು ಕೂತು ಮಾತಾಡಬೇಕು. ಸಂಜೆ ಬೇಡ, ಸಂಜೆಗೆ ಅವರು ಅವರಾಗಿರುವುದಿಲ್ಲ. "ಮಳೆಗಾಲ, ತುಕ್ಕು ಹಿಡೀತದೆ, ಎಣ್ಣೆ ಹಾಕಿ ಒಳಗಿಡೋಣ" ಎಂದರೆ ಅದು ಸುಳ್ಳೂ ಅಲ್ಲ. ಇನ್ನೂ ಬುದ್ಧಿ ನೆಟ್ಟಗಿರುವಾಗಲೇ, ಅಂದರೆ ಮರೆವಿನ ಮೊದಲ ದಿನಗಳಲ್ಲೇ, ಮುಂದೆ ಯಾರಿಗೆ ಕೊಡಬೇಕು ಎಂದು ಅಜ್ಜನ ಬಾಯಿಂದಲೇ ಹೇಳಿಸಿದರೆ ಎಲ್ಲಕ್ಕಿಂತ ಉತ್ತಮ. ಮೊಮ್ಮಗನಿಗೆ ಎಂದರೆ ಅವನಿಗೆ ಇಪ್ಪತ್ತೊಂದು ತುಂಬಿರಬೇಕು, ಕಾನೂನು ಅಷ್ಟು ವಯಸ್ಸು ಕೇಳುತ್ತದೆ.

ಜೋಡಿ ನಳಿಗೆ ಕೋವಿಗೆ ಒಂದು ಅನುಕೂಲ ಇದೆ. ನಳಿಗೆಯ ಅಡಿಯ ಮರದ ತುಂಡು ಕಳಚಿದರೆ ನಳಿಗೆ ಒಂದು ಕಡೆ, ಹಿಡಿ ಒಂದು ಕಡೆ ಬರುತ್ತದೆ. ಕಳಚುವ ಮೊದಲು ಎರಡೂ ನಳಿಗೆ ಖಾಲಿಯಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ನಳಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ತೋಟಾವನ್ನು ಬೇರೆ ಕೋಣೆಯಲ್ಲಿ ಬೇರೆ ಬೀಗದಲ್ಲಿಟ್ಟು, ಎರಡು ಬೀಗದ ಕೈಯನ್ನೂ ಕಾಯಿಲೆಯವರಿಗೆ ಗೊತ್ತಿಲ್ಲದ ಕಡೆ ಇಡಬೇಕು. ದೇವರ ಫೋಟೋ ಹಿಂದೆ ಬೇಡ. ಅಲ್ಲಿ ಎಲ್ಲರೂ ಇಡುತ್ತಾರೆ, ಎಲ್ಲರಿಗೂ ಗೊತ್ತು.

ಪಕ್ಕದ ಮನೆಗೆ ಸುಮ್ಮನೆ ಕೊಟ್ಟು ಬರುವವರು ಎಚ್ಚರ. ಲೈಸೆನ್ಸಾಗಲಿ ವಿನಾಯಿತಿಯಾಗಲಿ ಇಲ್ಲದವನ ಕೈಗೆ ಕೊಟ್ಟರೆ ಕೊಟ್ಟವನಿಗೂ ಕೇಸು, ಇಟ್ಟುಕೊಂಡವನಿಗೂ ಕೇಸು. ಬಿಡಿಭಾಗವೂ ಕಾನೂನಿನ ಕಣ್ಣಿಗೆ ಆಯುಧವೇ. ಮನೆಯಲ್ಲಿ ಇಡುವುದೇ ಭಯ ಎನ್ನುವವರಿಗೆ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಕೋವಿ ವ್ಯಾಪಾರಿಯಲ್ಲೋ ಠೇವಣಿ ಇಡುವ ದಾರಿ ಇದೆ. ನಂಬರು ಬರೆಸಿ ರಸೀದಿ ಪಡೆಯಬೇಕು, ಬಾಯಿಮಾತಿನ ಮೇಲೆ ಬಿಟ್ಟು ಬರಕೂಡದು.

ಡಾಕ್ಟರುಗಳೂ ಒಂದು ಉಪಕಾರ ಮಾಡಬಹುದು. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜೇ ಇದೆ, ಜಿಲ್ಲೆಗಳಿಗೆಂದು ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಮರೆವು ಎಂದು ಬಂದವರಿಗೆ, ನಿದ್ರೆ ಇಲ್ಲ ಎಂದು ಬಂದವರಿಗೆ, ಕುಡಿತ ಬಿಡಿಸಿ ಎಂದು ಬಂದವರಿಗೆ ಬಿ.ಪಿ. ಎಷ್ಟು, ಸಕ್ಕರೆ ಎಷ್ಟು ಎಂದು ಕೇಳುವ ಜೊತೆಗೆ "ಮನೆಯಲ್ಲಿ ಕೋವಿ ಇದೆಯಾ, ಎಲ್ಲಿಟ್ಟಿದ್ದೀರಿ?" ಎಂದು ಕೇಳಲು ಖರ್ಚೇನೂ ಇಲ್ಲ. ಬೇರೆ ಜಿಲ್ಲೆಯಲ್ಲಿ ಈ ಪ್ರಶ್ನೆ ತಮಾಷೆಯಾಗಿ ಕಾಣಬಹುದು. ಇಲ್ಲಿ ಕೇಳದಿರುವುದೇ ತಮಾಷೆ. ಮಧ್ಯರಾತ್ರಿ ಯಾರನ್ನು ಕೇಳುವುದು ಎಂದು ತೋಚದವರಿಗೆ ಟೆಲಿ ಮನಸ್ ಎಂಬ ಸರ್ಕಾರದ ಫೋನು 14416 ಇದೆ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ದುಡ್ಡಿಲ್ಲ, ಹಗಲುರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು.

2029ರ ಅಕ್ಟೋಬರ್ ಬಹಳ ದೂರವಿಲ್ಲ. ವಿನಾಯಿತಿ ಮುಂದುವರಿಸಿ ಎಂದು ದೆಹಲಿಗೆ ಮತ್ತೆ ಮನವಿ ಹೋಗುವುದು ಖಚಿತ. ಆಗ ಸಂಘಸಂಸ್ಥೆಗಳವರೇ ಮುಂದಾಗಿ, ಕಾಯಿಲೆಯವರ ಕೋವಿಗೆ ನಾವೇ ಇಂಥ ಏರ್ಪಾಡು ಮಾಡಿಕೊಂಡಿದ್ದೇವೆ ಎಂದು ತೋರಿಸಿದರೆ ಎದುರು ವಾದಿಸುವವರ ಬಾಯಿ ಅರ್ಧ ಮುಚ್ಚುತ್ತದೆ. ಒಂದೇ ಒಂದು ಕೆಟ್ಟ ಸಂಜೆ ನಡೆದು ದೆಹಲಿಯ ಪೇಪರಿನಲ್ಲಿ ಬಂದರೆ ಏನಾಗುತ್ತದೆ ಎಂದೂ ಅವರಿಗೆ ಗೊತ್ತು.

ಅಷ್ಟರೊಳಗೆ ಇವತ್ತೇ ಆಗಬಹುದಾದ ಕೆಲಸ ತೋಟಾದ ಲೆಕ್ಕ. ಕೋವಿ ಒಂದೇ ಕಡೆ ಇರುತ್ತದೆ, ಹುಡುಕುವುದು ಸುಲಭ. ತೋಟಾ ಹಾಗಲ್ಲ. ಮೇಜಿನ ಖಾನೆಯಲ್ಲಿ ನಾಲ್ಕು, ಜೀಪಿನಲ್ಲಿ ಎರಡು, ಆನೆ ಓಡಿಸಲು ಹೋದಾಗ ತೊಟ್ಟಿದ್ದ ಹಳೆಯ ಕೋಟಿನ ಜೇಬಿನಲ್ಲಿ ಒಂದು. ಆ ಕೋಟು ಈಗಲೂ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿರುತ್ತದೆ.